ನಕ್ಷತ್ರಮೀನು ಜೆಲ್ಲಿಫಿಶ್‌ಗೆ ನೆಂಟನೋ, ನಮಗೋ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರಾಣಿಗಳ ವರ್ಗೀಕರಣದ ಪಾಠ ಬಂದಾಗಲೆಲ್ಲ ಒಂದೇ ಜಾಗದಲ್ಲಿ ಎಡವುತ್ತೇನೆ. ನಮ್ಮ ಪಠ್ಯದಲ್ಲಿ ಮೊದಲು ಸಮ್ಮಿತಿ, ಆಮೇಲೆ ಭ್ರೂಣದ ಪದರ, ಆಮೇಲೆ ದೇಹಾವಕಾಶ (ಮೈಯೊಳಗಿನ ಪೊಳ್ಳು), ಆಮೇಲೆ ಖಂಡಗಳು ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿಕೊಂಡು ಹೋಗಿ ಸ್ಪಂಜಿನಿಂದ ಸಸ್ತನಿಯವರೆಗೆ ಪಟ್ಟಿ ಕೊಟ್ಟಿದ್ದಾರೆ. ಈ ಸಲ ಒಬ್ಬ ಹುಡುಗಿ, ‘ನಕ್ಷತ್ರಮೀನೂ ಜೆಲ್ಲಿಫಿಶ್ ಥರ ದುಂಡಗೇ ಇದೆಯಲ್ಲ ಮೇಡಂ, ಅದನ್ನೊಂದೇ ಯಾಕೆ ಕೊನೆಗೆ ತಂದು ನಮ್ಮ ಪಕ್ಕ ಕೂರಿಸಿದ್ದಾರೆ?’ ಎಂದಳು. ಉತ್ತರ ಹುಡುಕಲು ಹೋದರೆ ಇನ್ನೊಂದು ಪುಸ್ತಕದಲ್ಲಿ ಸಹಸ್ರಪದಿ ಜಂತುಹುಳುವಿನಂಥ ದುಂಡು ಹುಳುಗಳ ಜೊತೆಗೂ ಎರೆಹುಳು ಬಸವನಹುಳುವಿನ ಜೊತೆಗೂ ಇತ್ತು. ಎರೆಹುಳು, ಸಹಸ್ರಪದಿ ಎರಡೂ ಉಂಗುರ ಉಂಗುರವಾಗಿರುವಾಗ ಇದು ಹೇಗೆ? ದೇಹ ವಿನ್ಯಾಸ ನೋಡಿ ವರ್ಗೀಕರಿಸುವುದೇ ತಪ್ಪೇ? ಹಾಗಿದ್ದರೆ ಮಕ್ಕಳು ಹಿಡಿದು ತಂದ ಹುಳುವನ್ನು ಯಾವ ವಂಶದ್ದು ಎಂದು ಹೇಳುವುದು ಹೇಗೆ? ಈಗಲೂ ಒಂದು ಜಾಡಿಯಲ್ಲಿ ಗೆರೆಗೆರೆಯ, ಅರ್ಧಚಂದ್ರದಂಥ ತಲೆಯ, ಗೇಣುದ್ದದ ಲೋಳೆ ಹುಳುವೊಂದಿದೆ. ಮಕ್ಕಳು ಅದನ್ನು ಜಿಗಣೆ ಎನ್ನುತ್ತಿದ್ದಾರೆ.

ಉತ್ತರ: ಹುಡುಗಿಯ ಪ್ರಶ್ನೆ ಸರಿಯಾಗಿದೆ, ತೊಡಕಿರುವುದು ಪಟ್ಟಿಯಲ್ಲಿ. ದೇಹ ವಿನ್ಯಾಸ ಎಂದರೆ ಪ್ರಾಣಿಯನ್ನು ಕಟ್ಟಿರುವ ಬಗೆ: ಬಾಯಿ ಎಲ್ಲಿದೆ, ಕರುಳು ಎಲ್ಲಿಂದೆಲ್ಲಿಗೆ ಹಾಯುತ್ತದೆ, ನರಹುರಿ ಬೆನ್ನ ಕಡೆಗೋ ಹೊಟ್ಟೆಯ ಕಡೆಗೋ, ಎಷ್ಟು ಖಂಡ, ಎಷ್ಟು ಕಾಲು. ವರ್ಗೀಕರಣ ಇಂದು ಹೇಳಹೊರಟಿರುವುದು ಇನ್ನೊಂದು ಸಂಗತಿ: ಯಾರು ಯಾರಿಗೆ ನೆಂಟರು, ಯಾವ ಎರಡು ಕವಲುಗಳು ತೀರ ಈಚೆಗೆ ಒಂದೇ ಬುಡದಿಂದ ಒಡೆದವು. ಮನೆಯ ನಕ್ಷೆ ನೋಡಿ ಒಳಗಿರುವವರ ರಕ್ತಸಂಬಂಧ ಹೇಳಲು ಹೋದರೆ ಕೆಲವು ಸಲ ಸರಿಹೋಗುತ್ತದೆ, ಕೆಲವು ಸಲ ನಗೆಪಾಟಲಾಗುತ್ತದೆ. ನಿಮ್ಮ ಪಠ್ಯದ ಮೆಟ್ಟಿಲುಗಳು ನಕ್ಷೆಯನ್ನು ಚೆನ್ನಾಗಿಯೇ ವಿವರಿಸುತ್ತವೆ. ಅದನ್ನೇ ವಂಶಾವಳಿ ಎಂದು ಓದಿದಾಗ ಗೊಂದಲ ಹುಟ್ಟುತ್ತದೆ.

ಪಟ್ಟಿಯ ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಪಾಠ ಮಾಡಲು ಸಲೀಸು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಪ್ರಾಣಿಗಳನ್ನು ಆರು ವರ್ಗ ಮಾಡಿದಾಗ ಸಸ್ತನಿ, ಹಕ್ಕಿ, ಉಭಯಚರ, ಮೀನು, ಕೀಟ ಎಂದು ಐದನ್ನು ಎಣಿಸಿ, ಮಿಕ್ಕಿದ್ದನ್ನೆಲ್ಲ ‘ಹುಳು’ ಎಂಬ ಆರನೆಯ ಬುಟ್ಟಿಗೆ ಸುರಿದ. ಎರೆಹುಳು, ಬಸವನಹುಳು, ನಕ್ಷತ್ರಮೀನು, ಜೆಲ್ಲಿಫಿಶ್ ಎಲ್ಲವೂ ಆ ಬುಟ್ಟಿಯಲ್ಲೇ ಇದ್ದವು. 1812ರಲ್ಲಿ ಫ್ರಾನ್ಸಿನ ಕ್ಯುವಿಯೇ ಒಳಗಿನ ರಚನೆ ನೋಡಿ, ಮುಖ್ಯವಾಗಿ ನರಮಂಡಲ ನೋಡಿ, ನಾಲ್ಕು ವಿನ್ಯಾಸಗಳನ್ನು ಗುರುತಿಸಿದ: ಬೆನ್ನೆಲುಬಿನವು, ಮೆತ್ತನೆ ಮೈಯವು, ಖಂಡಖಂಡವಾದವು, ಚಕ್ರದ ಅರಗಳಂತೆ ಹರಡಿದವು. ಅರಗಳ ಗುಂಪಿನಲ್ಲಿ ನಕ್ಷತ್ರಮೀನು ಮತ್ತು ಜೆಲ್ಲಿಫಿಶ್ ಜೊತೆಯಾಗಿದ್ದವು, ಖಂಡಗಳ ಗುಂಪಿನಲ್ಲಿ ಎರೆಹುಳು ಮತ್ತು ಸಹಸ್ರಪದಿ ಜೊತೆಯಾಗಿದ್ದವು. ಅಂದರೆ ನಿಮ್ಮ ವಿದ್ಯಾರ್ಥಿನಿ ಕ್ಯುವಿಯೇ ಯೋಚಿಸಿದ ಹಾಗೇ ಯೋಚಿಸಿದ್ದಾಳೆ, ಅದನ್ನು ಅವಳಿಗೆ ಹೇಳಿ. ಆ ಎರಡೂ ಗುಂಪುಗಳು ಆಮೇಲೆ ಒಡೆದವು, ಒಡೆದ ಕಾರಣಗಳು ಮಾತ್ರ ಬೇರೆಬೇರೆ.

ನಕ್ಷತ್ರಮೀನಿನದನ್ನು ಮೊದಲು ನೋಡೋಣ. ಜೆಲ್ಲಿಫಿಶ್‌ನ ದುಂಡು ವಿನ್ಯಾಸ ಬುಡದಿಂದಲೇ ಸರಳ: ಹೊರಪದರ, ಒಳಪದರ, ನಡುವೆ ಅಂಟಿನಂಥ ತಿರುಳು, ಬಾಯಿಯೂ ಅದೇ, ಗುದವೂ ಅದೇ, ಅಂಗಗಳು ಹೆಚ್ಚಾಗಿ ನಾಲ್ಕರ ಲೆಕ್ಕದಲ್ಲಿ. ನಕ್ಷತ್ರಮೀನಿನ ದುಂಡು ವಿನ್ಯಾಸ ಆಮೇಲೆ ಬಂದದ್ದು. ಅದರ ಮರಿ ಬೆಳೆದ ಪ್ರಾಣಿಗೆ ಒಂದಿಷ್ಟೂ ಹೋಲುವುದಿಲ್ಲ. ನೀರಿನಲ್ಲಿ ತೇಲುತ್ತ ತಿನ್ನುವ ಆ ಪುಟ್ಟ ಪಾರದರ್ಶಕ ಲಾರ್ವಾಕ್ಕೆ ಎಡ ಬಲ ಎರಡೂ ಸ್ಪಷ್ಟ, ಬಾಯಿ ಬೇರೆ, ಗುದ ಬೇರೆ. ಅದು ರೂಪ ಬದಲಿಸುವಾಗ ಎಡಗಡೆಯ ಒಂದು ಚೀಲ ಉಂಗುರವಾಗಿ ಬಾಗುತ್ತದೆ. ಆ ಉಂಗುರದಿಂದ ಐದು ಕವಲು ಹೊರಟು, ಮುಂದೆ ಅವೇ ಕೊಳವೆಗಾಲುಗಳಿಗೆ ನೀರು ಹಾಯಿಸುವ ಕಾಲುವೆಗಳಾಗುತ್ತವೆ. ಲಾರ್ವಾದ ಎಡ ಮಗ್ಗುಲು ಬೆಳೆದ ಪ್ರಾಣಿಯ ಬಾಯಿಯ ಕಡೆಯಾಗುತ್ತದೆ, ಬಲ ಮಗ್ಗುಲು ಮೇಲ್ಬದಿಯಾಗುತ್ತದೆ. ಐದು ತೋಳಿನ ವಿನ್ಯಾಸ ಎಂದರೆ ಎಡ ಬಲ ಇದ್ದ ಪ್ರಾಣಿಯೊಂದು ಮಗ್ಗುಲಾಗಿ ಮಲಗಿ ಕಟ್ಟಿಕೊಂಡ ಹೊಸ ಮನೆ.

ನೆಂಟಸ್ತನ ಗೊತ್ತಾಗಿದ್ದು ಅದಕ್ಕೂ ಹಿಂದಿನ ಹಂತದಲ್ಲಿ. ಭ್ರೂಣವು ಟೊಳ್ಳು ಚೆಂಡಿನಂತಿರುವಾಗ ಅದರ ಗೋಡೆ ಒಂದೆಡೆ ಒಳಕ್ಕೆ ಕುಸಿದು ಗುಳಿ ಬೀಳುತ್ತದೆ, ಆ ಗುಳಿಯೇ ಮುಂದೆ ಕರುಳು. ನಕ್ಷತ್ರಮೀನಿನಲ್ಲಿ ಗುಳಿಯ ಬಾಯಿ ಗುದವಾಗುತ್ತದೆ, ನಿಜವಾದ ಬಾಯಿ ಆಮೇಲೆ ಇನ್ನೊಂದು ತುದಿಯಲ್ಲಿ ತೆರೆಯುತ್ತದೆ. ಬೆನ್ನೆಲುಬಿನ ಪ್ರಾಣಿಗಳಲ್ಲೂ ಹಾಗೇ. ಕರುಳಿನ ಗೋಡೆ ಉಬ್ಬಿ ಚೀಲಗಳಾಗಿ ಬೇರ್ಪಟ್ಟು ದೇಹಾವಕಾಶ ಆಗುವುದೂ ಈ ಕವಲಿನಲ್ಲಿ ಹೆಚ್ಚು. ಆಮೇಲೆ ಡಿಎನ್‌ಎ ಹೋಲಿಕೆಯೂ ಇದನ್ನೇ ಹೇಳಿತು. ಹಾಗೆಂದು ನಕ್ಷತ್ರಮೀನು ನಮಗೆ ತೀರ ಹತ್ತಿರ ಎಂದು ಹಿಗ್ಗುವುದು ಬೇಡ. ಒಂದು ಜೀರುಂಡೆಗಿಂತ, ಒಂದು ಬಸವನಹುಳುವಿಗಿಂತ ಹತ್ತಿರ, ಅಷ್ಟೇ. ಕವಲೊಡೆದು 50 ಕೋಟಿ ವರ್ಷಕ್ಕೂ ಹೆಚ್ಚಾಗಿದೆ. ಕೇಂಬ್ರಿಯನ್ ಕಾಲದ ಕೆಲವು ಕಂಟಕಚರ್ಮಿ (ನಕ್ಷತ್ರಮೀನಿನ ಬಳಗದ) ಪಳೆಯುಳಿಕೆಗಳಲ್ಲಿ ಐದರ ಲೆಕ್ಕವೇ ಇಲ್ಲ. ಒಂದೆರಡು ಎಡ ಬಲ ಸಮವಾಗಿವೆ, ಇನ್ನು ಕೆಲವು ಅಡ್ಡಾದಿಡ್ಡಿ.

ಇದನ್ನು ತರಗತಿಯಲ್ಲೇ ತೋರಿಸಬಹುದು. ಒಣಗಿದ ನಕ್ಷತ್ರಮೀನಿನ ಮೇಲ್ಬದಿಯಲ್ಲಿ, ನಟ್ಟನಡುವಿನಿಂದ ಸ್ವಲ್ಪ ಸರಿದು, ಎರಡು ತೋಳುಗಳ ಸಂದಿಗೆ ನೇರವಾಗಿ ಗುಂಡುಸೂಜಿಯ ತಲೆಯಷ್ಟೋ ಸ್ವಲ್ಪ ದೊಡ್ಡದೋ ಆದ ಒರಟು ಬಿಲ್ಲೆ ಇರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಮೇಲೆ ಸಣ್ಣ ಸಣ್ಣ ಗೀರುಗಳು ಕಾಣುತ್ತವೆ. ಇದು ನೀರಿನ ಕಾಲುವೆಗಳ ಜರಡಿ. ಬಿಲ್ಲೆಯ ಮೂಲಕ ಹಾದು ಎದುರಿನ ತೋಳಿನ ತುದಿ ಮುಟ್ಟುವಂತೆ ದಾರ ಎಳೆದರೆ ಎರಡೂ ಪಕ್ಕ ಸಮ, ಬೇರೆ ಯಾವ ತೋಳಿನ ಮೇಲೆ ಎಳೆದರೂ ಬಿಲ್ಲೆ ಒಂದೇ ಪಕ್ಕಕ್ಕೆ ಬೀಳುತ್ತದೆ. ‘ಯಾವ ವ್ಯಾಸದಲ್ಲಿ ಕತ್ತರಿಸಿದರೂ ಸಮಭಾಗ’ ಎಂಬ ವ್ಯಾಖ್ಯೆ ಅಲ್ಲಿಗೇ ಮುರಿಯಿತು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ನಕ್ಷತ್ರಮೀನಿನ ಮೈಮೇಲೆ ಯಾವ ಜೀನು ಎಲ್ಲಿ ಚಾಲೂ ಇದೆ ಎಂದು ನಕ್ಷೆ ಬರೆದಾಗ, ಬೇರೆ ಪ್ರಾಣಿಗಳಲ್ಲಿ ತಲೆಯ ಭಾಗವನ್ನು ರೂಪಿಸುವ ಜೀನುಗಳು ತೋಳುಗಳ ಉದ್ದಕ್ಕೂ ಕಂಡವು, ಮುಂಡವನ್ನು ಗುರುತಿಸುವವು ಹೊರಮೈಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತೋಳುಗಳಿರುವ ತಲೆಯೊಂದು ಕಡಲತಳದಲ್ಲಿ ತೆವಳುತ್ತಿದೆ ಎಂದರೆ ತಪ್ಪಾಗಲಾರದು. ಮಕ್ಕಳಿಗೆ ಇದು ಸಿಕ್ಕಾಪಟ್ಟೆ ಇಷ್ಟವಾಗುತ್ತದೆ.

ದೇಹಾವಕಾಶದ ಮೆಟ್ಟಿಲು ಇನ್ನೂ ದುರ್ಬಲ. ಕರುಳಿಗೂ ಮೈಗೋಡೆಗೂ ನಡುವೆ ಪೊಳ್ಳು ಇಲ್ಲದವು, ಅರೆಬರೆ ಇರುವವು, ಮಧ್ಯಪದರದ ಹೊದಿಕೆಯುಳ್ಳ ಪೂರ್ತಿ ಪೊಳ್ಳು ಇರುವವು ಎಂದು ಮೂರು ಹಂತ ಹೇಳಿ, ಒಂದರಿಂದ ಒಂದು ಮೇಲೇರಿದವು ಎನ್ನುವುದು ರೂಢಿ. ಇದು ಸುಲಭವಾಗಿ ನೆನಪಿರುತ್ತದೆ, ಆದ್ದರಿಂದಲೇ ಇಷ್ಟು ಕಾಲ ಉಳಿದಿದೆ. ಚಪ್ಪಟೆ ಹುಳುಗಳು ಎರೆಹುಳು, ಬಸವನಹುಳುಗಳ ದೊಡ್ಡ ಕವಲಿಗೇ ಸೇರುತ್ತವೆ. ಪೊಳ್ಳಿಲ್ಲದಿರುವುದು ಅವು ಎಲ್ಲಕ್ಕಿಂತ ಹಳೆಯವು ಎನ್ನಲು ಸಾಕ್ಷಿಯಾಗದು. ‘ಅರೆ ಪೊಳ್ಳಿನವು’ ಎಂದು ಒಂದೇ ಕೋಣೆಯಲ್ಲಿ ಕೂಡಿಟ್ಟ ದುಂಡು ಹುಳುಗಳೂ ನೀರಿನಲ್ಲಿರುವ ಅತಿ ಪುಟ್ಟ ಪ್ರಾಣಿಗಳಾದ ರೋಟಿಫರ್‌ಗಳೂ ಎರಡು ಬೇರೆಬೇರೆ ಕವಲಿನವು. ಕೀಟಗಳನ್ನು ಪೂರ್ತಿ ಪೊಳ್ಳಿನವು ಎಂದು ಬರೆಸುತ್ತೇವೆ, ಬಿಚ್ಚಿ ನೋಡಿದರೆ ಒಳಗಿರುವುದು ರಕ್ತ ತುಂಬಿದ ಕುಹರ, ನಿಜವಾದ ದೇಹಾವಕಾಶ ಅಲ್ಲಲ್ಲಿ ಚೂರುಪಾರು ಉಳಿದಿದೆ. ಪೊಳ್ಳು ಬರಬಹುದು, ಹೋಗಬಹುದು, ಕುಗ್ಗಬಹುದು. ಹುಳುವೊಂದು ಹೇಗೆ ಮಣ್ಣು ಕೊರೆಯುತ್ತದೆ, ಹೇಗೆ ಈಜುತ್ತದೆ ಎಂದು ತಿಳಿಯಲು ಆ ಪೊಳ್ಳು ಬೇಕೇ ಬೇಕು. ನೆಂಟಸ್ತನ ಹೇಳಲು ಅದನ್ನು ನೆಚ್ಚುವಂತಿಲ್ಲ.

ಇನ್ನು ಎರೆಹುಳು, ಸಹಸ್ರಪದಿ. 1995 ಮತ್ತು 1997ರಲ್ಲಿ ಬಂದ ಎರಡು ಅಧ್ಯಯನಗಳು ಇಲ್ಲಿ ಪಟ್ಟಿಯನ್ನು ತಿರುವಿಹಾಕಿದವು. ಎಲ್ಲ ಜೀವಕೋಶಗಳಲ್ಲೂ ಇರುವ ರೈಬೋಸೋಮ್‌ನ ಒಂದು ಜೀನನ್ನು ಹೋಲಿಸಿ ನೋಡಿದಾಗ ಎರೆಹುಳುವಿನ ಬಳಗವಾದ ವಲಯವಂತಗಳು ಬಸವನಹುಳುವಿನ ಬಳಗವಾದ ಮೃದ್ವಂಗಿಗಳ ಕಡೆಗೂ, ಸಹಸ್ರಪದಿ, ಕೀಟಗಳ ಬಳಗವಾದ ಸಂಧಿಪದಿಗಳು ದುಂಡು ಹುಳುಗಳ ಕಡೆಗೂ ಹೋದವು. ಮೊದಲು ಬಹಳ ಮಂದಿ ನಂಬಲಿಲ್ಲ. ಆದರೆ ಹಿಂತಿರುಗಿ ನೋಡಿದರೆ ದೇಹದಲ್ಲೂ ಸುಳಿವುಗಳಿದ್ದವು, ಉಂಗುರಗಳ ಭರಾಟೆಯಲ್ಲಿ ಅವುಗಳಿಗೆ ತೂಕ ಕೊಟ್ಟಿರಲಿಲ್ಲ ಅಷ್ಟೆ. ಕಡಲಲ್ಲಿ ಬದುಕುವ ಎಷ್ಟೋ ವಲಯವಂತಗಳೂ ಮೃದ್ವಂಗಿಗಳೂ ಒಂದೇ ಬಗೆಯ, ಸೊಂಟದ ಸುತ್ತ ರೋಮದ ಪಟ್ಟಿಯುಳ್ಳ ಬುಗುರಿಯಾಕಾರದ ಲಾರ್ವಾ ಆಗಿ ಹುಟ್ಟುತ್ತವೆ. ಸಂಧಿಪದಿಗಳು, ದುಂಡು ಹುಳುಗಳು, ನೀರುಕರಡಿ ಎಂದು ಕರೆಯುವ ಟಾರ್ಡಿಗ್ರೇಡ್‌ಗಳು ಎಲ್ಲವೂ ಬೆಳೆಯಬೇಕಾದರೆ ಮೈಮೇಲಿನ ಪೊರೆ ಕಳಚಲೇಬೇಕು. ಎರೆಹುಳು ಪೊರೆ ಕಳಚುವುದಿಲ್ಲ.

ಎರಡರ ಉಂಗುರಗಳನ್ನು ಹತ್ತಿರದಿಂದ ನೋಡಿದರೂ ಹೋಲಿಕೆ ಕರಗುತ್ತದೆ. ಎರೆಹುಳುವಿನ ಒಂದೊಂದು ಉಂಗುರದ ಒಳಗೂ ಅಡ್ಡಗೋಡೆಯಿದೆ, ಒಂದೊಂದೂ ದ್ರವ ತುಂಬಿದ ಬೇರೆ ಕೋಣೆ. ಒಂದು ಕೋಣೆಯನ್ನು ಹಿಂಡಿ ಉದ್ದಮಾಡಿ, ಪಕ್ಕದ್ದನ್ನು ದಪ್ಪಮಾಡಿ ಊರಿಕೊಂಡು ಅದು ನಡೆಯುತ್ತದೆ. ಸಹಸ್ರಪದಿಯ ಉಂಗುರ ಗಟ್ಟಿ ಕವಚದ ಬಳೆ, ಒಳಗೆ ಅಂಥ ಅಡ್ಡಗೋಡೆಗಳಿಲ್ಲ. ನಡಿಗೆ ಪೂರ್ತಿ ಕಾಲುಗಳದ್ದು. ಬೆನ್ನೆಲುಬಿನ ಪ್ರಾಣಿಗಳಲ್ಲೂ ಖಂಡಗಳಿವೆ, ಮೀನಿನ ಮೈಯಲ್ಲಿ ಪದರ ಪದರವಾಗಿ ಬಿಡಿಸಿಕೊಳ್ಳುವ ಮಾಂಸ ನೋಡಿ. ಖಂಡಗಳು ಇರುವುದರಿಂದಲೇ ಈ ಮೂವರನ್ನು ಒಂದು ಮಾಡಲು ಯಾರೂ ಹೋಗುವುದಿಲ್ಲವಲ್ಲ.

ಹಾಗೆಂದು ಡಿಎನ್‌ಎ ಹೇಳಿದ್ದೇ ವೇದವಾಕ್ಯ ಅಲ್ಲ. ದುಂಡು ಹುಳುಗಳ ಜೀನುಗಳು ಬಹಳ ವೇಗವಾಗಿ ಬದಲಾಗುತ್ತವೆ. ವೇಗವಾಗಿ ಬದಲಾದ ಎರಡು ಸರಣಿಗಳು ಲೆಕ್ಕದಲ್ಲಿ ಸುಮ್ಮಸುಮ್ಮನೆ ಒಂದಕ್ಕೊಂದು ಅಂಟಿಕೊಳ್ಳುವುದು, ಇಲ್ಲವೇ ಮರದ ಬುಡಕ್ಕೆ ಜಾರುವುದು ಈ ಕೆಲಸದ ಹಳೆಯ ಪಿಡುಗು. 1997ರ ತಂಡ ನಿಧಾನವಾಗಿ ಬದಲಾದ ದುಂಡು ಹುಳುವೊಂದನ್ನು, ಟ್ರೈಕಿನೆಲ್ಲಾ ಎಂಬುದನ್ನು, ಆರಿಸಿಕೊಂಡಿದ್ದರಿಂದಲೇ ಆ ಫಲಿತಾಂಶ ಸಿಕ್ಕಿತು. ಇಂದಿಗೂ ಬಗೆಹರಿಯದ ಜಗಳಗಳಿವೆ. ಪ್ರಾಣಿ ಮರದ ಬುಡದಲ್ಲಿ ಮೊದಲು ಕವಲೊಡೆದದ್ದು ಸ್ಪಂಜೋ, ಜೆಲ್ಲಿಫಿಶ್ ಥರ ಕಾಣುವ ಬಾಚಣಿಗೆ ಜೆಲ್ಲಿಯೋ ಎಂಬುದು ಅದರಲ್ಲೊಂದು. 2023ರಲ್ಲಿ ಕ್ರೋಮೋಸೋಮುಗಳ ಮೇಲೆ ಜೀನುಗಳು ಕೂತ ಸಾಲು ನೋಡಿ ಬಾಚಣಿಗೆ ಜೆಲ್ಲಿಯ ಪರವಾಗಿ ವಾದಿಸಿದ್ದಾರೆ, ಒಪ್ಪದವರೂ ಇದ್ದಾರೆ. ಇದು ಪರೀಕ್ಷೆಗೆ ಕೇಳುವ ಪ್ರಶ್ನೆಯಾಗದಿರಲಿ.

ಹಾಗಾದರೆ ವಿನ್ಯಾಸಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ಹೊರನೋಟಕ್ಕಲ್ಲ. ಆಕಾರ ಬಲು ಬೇಗ ಬದಲಾಗುತ್ತದೆ, ಅಂಗಗಳು ಒಂದಕ್ಕೊಂದು ಕೂತಿರುವ ಜಾಗ ನಿಧಾನವಾಗಿ ಬದಲಾಗುತ್ತದೆ. ಒಂದು ಸತ್ತ ಸಿಗಡಿ ಸಿಕ್ಕರೆ ಮೇಜಿನ ಮೇಲಿಡಿ. ತಲೆಯ ಕವಚ ಬಿಟ್ಟು ಹಿಂದಿನ ಭಾಗದ ಬೆನ್ನ ಮೇಲೆ ಬ್ಲೇಡಿನಿಂದ ತೆಳುವಾಗಿ ಸೀಳಿ. ಸಿಗುವ ಕಪ್ಪು ಗೆರೆಯನ್ನು ಬಹಳ ಜನ ನರ ಎನ್ನುತ್ತಾರೆ, ಅದು ಕರುಳು, ಕಪ್ಪಗಿರುವುದು ಒಳಗಿನ ಸರಕಿನಿಂದ. ಈಗ ಮಗುಚಿ, ಹೊಟ್ಟೆಯ ಕಡೆ ಈಜುಗಾಲುಗಳ ಸಾಲುಗಳ ನಡುವೆ ಹುಷಾರಾಗಿ ಬಿಡಿಸಿ. ದಾರದಂಥ ಬೆಳ್ಳನೆಯ ಎಳೆ, ಖಂಡಕ್ಕೊಂದರಂತೆ ಅದರ ಮೇಲೆ ಸಣ್ಣ ಗಂಟು. ನರಹುರಿ ಅದು. ಆಳವಾಗಿ ಕೊಯ್ದರೆ ಕತ್ತರಿಸಿಹೋಗುತ್ತದೆ, ಹಳಸಿದ ಸಿಗಡಿಯಲ್ಲಿ ಕರಗಿಯೇ ಹೋಗಿರುತ್ತದೆ, ಆದ್ದರಿಂದ ತಾಜಾ ಇರಲಿ. ಹೃದಯ ಎದೆಕವಚದ ಅಡಿಯಲ್ಲಿ ಬೆನ್ನಿಗೆ ಹತ್ತಿಕೊಂಡಿದೆ. ನಮ್ಮಲ್ಲಿ ಎಲ್ಲ ತಿರುಗಾಮುರುಗಾ: ನರಹುರಿ ಬೆನ್ನಿಗೆ, ಹೃದಯ ಮುಂದಕ್ಕೆ. 1822ರಲ್ಲೇ ಜೆಫ್ರಾ ಸಾಂತಿಲೇರ್ ಎಂಬ ಫ್ರೆಂಚ್ ವಿದ್ವಾಂಸ, ಸಿಗಡಿಯ ಜಾತಿಯ ಲಾಬ್‌ಸ್ಟರನ್ನು ಅಂಗಾತ ಮಲಗಿಸಿದರೆ ಕಶೇರುಕದ (ಬೆನ್ನೆಲುಬಿನ ಪ್ರಾಣಿಯ) ನಕ್ಷೆಯೇ ಕಾಣುತ್ತದೆ ಎಂದ, ಕ್ಯುವಿಯೇ ಅದನ್ನು ಗೇಲಿ ಮಾಡಿದ. ಬೆನ್ನು ಹೊಟ್ಟೆ ನಿರ್ಧರಿಸುವ ಜೀನುಗಳ ಜೋಡಿ ಕೀಟಗಳಲ್ಲೂ ಕಶೇರುಕಗಳಲ್ಲೂ ಒಂದೇ, ಆದರೆ ಬುಡಮೇಲಾಗಿ ಕೆಲಸ ಮಾಡುತ್ತವೆ ಎಂದು 1990ರ ದಶಕದಲ್ಲಿ ಗೊತ್ತಾಯಿತು.

ಅದೇ ಸಿಗಡಿಯಲ್ಲಿ ಕಾಲುಗಳನ್ನು ಒಂದೊಂದಾಗಿ ಕಿತ್ತು ಹಾಳೆಯ ಮೇಲೆ ಸಾಲಾಗಿ ಜೋಡಿಸಿದರೆ 19 ಜೋಡಿ ಸಿಗಬೇಕು: ತಲೆಯಲ್ಲಿ 5, ಎದೆಯಲ್ಲಿ 8, ಹೊಟ್ಟೆಯಲ್ಲಿ 6. ಮೀಸೆ, ದವಡೆ, ಇಕ್ಕಳ, ನಡೆಗಾಲು, ಈಜುಗಾಲು, ಬಾಲದ ಬೀಸಣಿಗೆ ಎಲ್ಲವೂ ಒಂದೇ ಅಚ್ಚಿನ ಕಾಲುಗಳು, ಕೂತ ಖಂಡಕ್ಕೆ ತಕ್ಕಂತೆ ರೂಪ ಬದಲಿಸಿದವು. ಯಾವ ಖಂಡದಲ್ಲಿ ಯಾವುದು ಮೂಡಬೇಕು ಎಂದು ಹೇಳುವುದು ಹಾಕ್ಸ್ ಜೀನುಗಳು. ಹಣ್ಣುನೊಣದಲ್ಲಿ ಇವು 8, ಮನುಷ್ಯರಲ್ಲಿ ನಾಲ್ಕು ಗೊಂಚಲಾಗಿ 39. ನೊಣದಲ್ಲಿ ಇವುಗಳಲ್ಲೊಂದು ತಪ್ಪು ಜಾಗದಲ್ಲಿ ಚಾಲೂ ಆದರೆ ಮೀಸೆಯ ಜಾಗದಲ್ಲಿ ಕಾಲು ಬೆಳೆಯುತ್ತದೆ. ಹೊರನೋಟ ಇಷ್ಟು ಸುಲಭವಾಗಿ ಏಕೆ ಬದಲಾಗುತ್ತದೆ ಎಂಬುದಕ್ಕೆ ಇದೇ ಕಾರಣ: ಇಟ್ಟಿಗೆಗಳು ಅವೇ, ಎಲ್ಲಿ ಎಷ್ಟು ಎಂಬ ಆಜ್ಞೆ ಬದಲಾದರೆ ಸಾಕು.

ಮರಿಯನ್ನು ನೋಡದೆ ತೀರ್ಪು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬಾರ್ನಕಲ್ ಒಳ್ಳೆಯ ಪಾಠ. ಬಂಡೆಗೆ ಅಂಟಿದ ಚಿಪ್ಪು ನೋಡಿ ಕ್ಯುವಿಯೇ ಅದನ್ನು ಮೃದ್ವಂಗಿ ಎಂದಿದ್ದ. 1830ರಲ್ಲಿ ಅದರ ಈಜುವ ಲಾರ್ವಾ ನೋಡಿದವರಿಗೆ ಅದು ಏಡಿ, ಸಿಗಡಿಗಳ ಬಳಗದ್ದು ಎಂದು ಗೊತ್ತಾಯಿತು. ಕಡಲ ಚೀಲದಂತೆ ಕೂತಲ್ಲೇ ನೀರು ಸೋಸುವ ಸೀ ಸ್ಕ್ವರ್ಟ್ ಕೂಡ ಹಾಗೇ. 1866ರಲ್ಲಿ ರಷ್ಯಾದ ವಿಜ್ಞಾನಿ ಕೊವಲೆವ್ಸ್ಕಿ ಅದರ ಗೊದಮೊಟ್ಟೆಯಂಥ ಲಾರ್ವಾದ ಬಾಲದಲ್ಲಿ ನೋಟೋಕಾರ್ಡ್ ಕಂಡ, ಬೆನ್ನೆಲುಬಿನ ಪ್ರಾಣಿಗಳ ಭ್ರೂಣದಲ್ಲೂ ಇರುವ ಆಸರೆಯ ಕೋಲು ಅದು. ಬೆನ್ನೆಲುಬಿನ ಪ್ರಾಣಿಗಳಿಗೆ ಬದುಕಿರುವ ಅತಿ ಹತ್ತಿರದ ನೆಂಟರು ಇವರೇ ಎಂದು ಈಗ ಹೆಚ್ಚಿನವರು ಒಪ್ಪುತ್ತಾರೆ.

ಈಗ ಕೈಯಲ್ಲಿರುವ ಹುಳುವಿನ ವಿಷಯ. ಗುರುತು ಹಿಡಿಯುವ ಕೆಲಸಕ್ಕೆ ವಿನ್ಯಾಸವೇ ಸಾಕು, ಡಿಎನ್‌ಎ ಬೇಕಿಲ್ಲ. ಬೇಕಾದದ್ದು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಬಿಳಿ ತಟ್ಟೆ, ತಾಳ್ಮೆ. ಮೊದಲು ನೋಡಬೇಕಾದ್ದು ಕೀಲುಗಳಿರುವ ಕಾಲುಂಟೇ ಎಂದು. ಇದ್ದರೆ ಸಂಧಿಪದಿ, ಇನ್ನು ಎಣಿಕೆ. ಮೂರು ಜೋಡಿ ಕಾಲು, ಒಂದು ಜೋಡಿ ಕುಡಿಮೀಸೆ ಇದ್ದರೆ ಕೀಟ. ನಾಲ್ಕು ಜೋಡಿ ಕಾಲು, ಕುಡಿಮೀಸೆ ಇಲ್ಲದಿದ್ದರೆ ಜೇಡ, ಚೇಳು, ಉಣ್ಣೆಗಳ ಬಳಗ. ಆದರೆ ಮೊಟ್ಟೆಯಿಂದ ಆಗಷ್ಟೇ ಬಂದ ಉಣ್ಣೆಮರಿಗೆ ಮೂರೇ ಜೋಡಿ ಇರುತ್ತದೆ, ಅಲ್ಲಿ ಕುಡಿಮೀಸೆ ಇಲ್ಲದ್ದನ್ನು ನೋಡಿ ತೀರ್ಮಾನಿಸಬೇಕು. ಚೇಳಿನ ಇಕ್ಕಳವನ್ನು ಕಾಲೆಂದು ಎಣಿಸಿ ಐದು ಜೋಡಿ ಬರೆಯುವುದು ಇನ್ನೊಂದು ಮಾಮೂಲು ತಪ್ಪು. ಏಳು ಜೋಡಿ ಕಾಲಿದ್ದು, ಕಲ್ಲಿನಡಿಯ ತೇವದಲ್ಲಿ ಓಡಾಡುವ ಬೂದುಬಣ್ಣದ್ದಾದರೆ ಅದು ನೆಲಕ್ಕೆ ಬಂದ ಸಿಗಡಿಯ ಬಂಧು. ಮುಟ್ಟಿದರೆ ಗೋಲಿಯಾಗುವ ಸಹಸ್ರಪದಿಯೂ ಇರುವುದರಿಂದ ಗೋಲಿಯಾಗುವುದನ್ನು ನೋಡಿ ಹೆಸರಿಡಬೇಡಿ, ಬಿಚ್ಚಿಕೊಳ್ಳುವವರೆಗೆ ಕಾದು ಕಾಲು ಎಣಿಸಿ.

ಕಾಲುಗಳು ಸಾಲುಸಾಲಾಗಿದ್ದರೆ ಮೈಯ ನಡುಭಾಗದ ಒಂದು ಉಂಗುರಕ್ಕೆ ಎಷ್ಟು ಜೋಡಿ ಎಂದು ನೋಡಿ. ಎರಡಾದರೆ ಸಹಸ್ರಪದಿ, ಒಂದಾದರೆ ಜರಿ. ನಡುಭಾಗ ಎಂದದ್ದಕ್ಕೆ ಕಾರಣವಿದೆ: ಸಹಸ್ರಪದಿಯ ಮೊದಲ ಉಂಗುರಕ್ಕೆ ಕಾಲೇ ಇಲ್ಲ, ನಂತರದ ಮೂರಕ್ಕೆ ಒಂದೊಂದೇ ಜೋಡಿ. ತಲೆಯ ಹತ್ತಿರ ಎಣಿಸಿದವರು ಅದನ್ನು ಜರಿ ಎಂದು ಬರೆದುಬಿಡುತ್ತಾರೆ. ಬೆಳೆದ ಜರಿಯ ಕಾಲುಗಳ ಜೋಡಿ ಯಾವಾಗಲೂ ಬೆಸ ಸಂಖ್ಯೆ, ಹಾಗಾಗಿ ಶತಪದಿ ಎಂದು ಹೆಸರಿದ್ದರೂ ಸರಿಯಾಗಿ 50 ಜೋಡಿ ಕಾಲಿನದು ಸಿಗುವುದಿಲ್ಲ. ಸಾವಿರ ಕಾಲಿನ ಹೆಸರು ಹೊತ್ತ ಸಹಸ್ರಪದಿಗಳಲ್ಲಿ ನಿಜವಾಗಿ ಸಾವಿರ ದಾಟಿದ್ದು 2021ರಲ್ಲಿ ವರ್ಣಿಸಿದ ಆಸ್ಟ್ರೇಲಿಯಾದ ಒಂದು ಪ್ರಭೇದ, 1,306 ಕಾಲು. ಜರಿಯನ್ನು ಬರಿಗೈಯಲ್ಲಿ ಹಿಡಿಯಲು ಬಿಡಬೇಡಿ, ಮೊದಲ ಜೋಡಿ ಕಾಲೇ ವಿಷದ ಕೊಂಡಿ.

ಕಂಬಳಿಹುಳು ಎಲ್ಲರನ್ನೂ ದಾರಿತಪ್ಪಿಸುತ್ತದೆ. ತಲೆಯ ಹಿಂದೆ ಮೂರು ಜೋಡಿ ಚೂಪು ಕಾಲು, ಅವು ಮಾತ್ರ ನಿಜ. ಹಿಂದಿರುವ ಮೆತ್ತನೆಯ ತೊಗಲಿನ ಕಾಲುಗಳಿಗೆ ಕೀಲಿಲ್ಲ. ಅವು ಐದು ಜೋಡಿ ಅಥವಾ ಕಡಿಮೆ ಇದ್ದರೆ ಚಿಟ್ಟೆ ಪತಂಗಗಳ ಮರಿ, ಆರು ಅಥವಾ ಹೆಚ್ಚಿದ್ದರೆ ಕಣಜದ ಬಂಧುವಾದ ಗರಗಸನೊಣದ್ದು.

ಕಾಲಿಲ್ಲದಿದ್ದರೆ ಚಲನೆ ನೋಡಿ. ಉದ್ದವಾಗಿ ತೆಳ್ಳಗಾಗಿ, ಮತ್ತೆ ಗಿಡ್ಡವಾಗಿ ದಪ್ಪಗಾಗುತ್ತಿದ್ದರೆ ಎರೆಹುಳು. ಒಣ ಕಾಗದದ ಮೇಲೆ ಬಿಟ್ಟು ಕಿವಿಗೊಟ್ಟರೆ ಬಿರುಗೂದಲು ಗೀರುವ ಸಣ್ಣ ಸದ್ದು ಕೇಳುತ್ತದೆ. ಗಾತ್ರ ಬದಲಿಸದೆ ಬರೀ ಅತ್ತ ಇತ್ತ ಬಳುಕುತ್ತಿದ್ದರೆ ದುಂಡು ಹುಳು. ಅದರ ಮೈಗೋಡೆಯಲ್ಲಿ ಉದ್ದುದ್ದದ ಸ್ನಾಯುಗಳಷ್ಟೇ ಇವೆ, ಸುತ್ತಿ ಹಿಂಡುವ ಸ್ನಾಯುಗಳಿಲ್ಲ. ಎರಡೂ ತುದಿಯಲ್ಲಿ ಹೀರುಬಟ್ಟಲಿದ್ದು ಅಳತೆಗೋಲಿನಂತೆ ಮಡಚಿ ಚಾಚಿ ನಡೆದರೆ ಜಿಗಣೆ. ಅದರ ಮೇಲೆ ಕಾಣುವ ಗೆರೆಗಳನ್ನು ಖಂಡವೆಂದು ಎಣಿಸಿದರೆ ನೂರರ ಹತ್ತಿರ ಹೋಗಬಹುದು, ನಿಜವಾದ ಖಂಡಗಳು 34ರ ಆಸುಪಾಸು. ಉಂಗುರಗಳಿದ್ದೂ ಕಾಲಿಲ್ಲದೆ, ಹಿಂತುದಿಯಲ್ಲಿ ಉಸಿರಾಟದ ಎರಡು ಚುಕ್ಕೆಗಳಿದ್ದರೆ ಅದು ನೊಣದ ಮರಿ, ಎರೆಹುಳುವಿನ ಬಳಗವಲ್ಲ. ಎರೆಹುಳುವಿನಂತೆಯೇ ಉಂಗುರಗಳಿದ್ದು ಬಾಯಿ ತೆರೆದಾಗ ದವಡೆ, ಹಲ್ಲು ಕಂಡರೆ ಅದು ಸಿಸಿಲಿಯನ್ ಎಂಬ ಕಾಲಿಲ್ಲದ ಉಭಯಚರ, ಕಪ್ಪೆಯ ನೆಂಟ. ಮೈಗೆ ಹುರುಪೆಯಿದ್ದು ನಾಲಿಗೆ ಚಾಚಿದರೆ ಕುರುಡು ಹಾವು.

ಹಾಗಾದರೆ ಇದನ್ನು ಕಲಿಸುವ ದಾರಿ ಯಾವುದು? ಹಳೆಯ ಮೆಟ್ಟಿಲನ್ನೇ ಯಥಾವತ್ತು ಕಲಿಸಿದರೆ ಅಂಕಕ್ಕೆ ತೊಂದರೆಯಿಲ್ಲ, ಆದರೆ ಸ್ಪಂಜು ಕೆಳಗೆ, ಮನುಷ್ಯ ಮೇಲೆ ಎಂಬ ಏಣಿ ಮಕ್ಕಳ ತಲೆಯಲ್ಲಿ ಗಟ್ಟಿಯಾಗುತ್ತದೆ, ಮುಂದೆ ಕೀಳುವುದು ಕಷ್ಟ. ಬರೀ ಹೊಸ ಮರವನ್ನು ಕಲಿಸಿದರೆ ಹೆಸರುಗಳ ಉರುಹೊಡೆತವಾಗುತ್ತದೆ. ‘ಪೊರೆ ಕಳಚುವ ಕವಲು’ ಎಂದು ಬರೆಯುವ ಹುಡುಗನಿಗೆ ಎದುರಿಗಿರುವ ಜರಿಯನ್ನು ಗುರುತಿಸಲು ಬರುವುದಿಲ್ಲ. ಎರಡನ್ನೂ ಬೇರೆಬೇರೆ ಹಾಳೆಯಲ್ಲಿ ಇಟ್ಟುಕೊಳ್ಳುವುದು ನನಗೆ ಸರಿ ಅನ್ನಿಸುತ್ತದೆ. ಒಂದರಲ್ಲಿ ಗುರುತಿನ ಲಕ್ಷಣಗಳ ಕೋಷ್ಟಕ, ಇನ್ನೊಂದರಲ್ಲಿ ಹತ್ತೇ ಹತ್ತು ಪ್ರಾಣಿಗಳ ನೆಂಟಸ್ತನದ ಮರ. ಕೋಷ್ಟಕದ ಒಂದು ಲಕ್ಷಣವನ್ನು, ಉದಾಹರಣೆಗೆ ಖಂಡಗಳನ್ನು, ಬಣ್ಣದ ಪೆನ್ಸಿಲಿನಿಂದ ಮರದ ಮೇಲೆ ಗುರುತು ಹಾಕಿಸಿ. ಬಣ್ಣ ಮೂರು ದೂರದ ಕೊಂಬೆಗಳಲ್ಲಿ ಬೀಳುವುದನ್ನು ಕಂಡ ಮೇಲೆ ಬೇರೆ ವಿವರಣೆ ಬೇಕಾಗುವುದಿಲ್ಲ. ಇದಕ್ಕೆ ಒಂದು ಪೀರಿಯಡ್ ಹೆಚ್ಚು ಬೇಕು, ಅಷ್ಟು ತೊಂದರೆ ಇದೆ. ಪರೀಕ್ಷೆಯಲ್ಲಿ ‘ನಕ್ಷತ್ರಮೀನಿನ ಸಮ್ಮಿತಿ ಯಾವುದು’ ಎಂದು ಕೇಳಿದರೆ ‘ಪ್ರೌಢಾವಸ್ಥೆಯಲ್ಲಿ ಅರೀಯ, ಲಾರ್ವಾ ಹಂತದಲ್ಲಿ ದ್ವಿಪಾರ್ಶ್ವ’ ಎಂದು ಬರೆಸಿ. ಎರಡೂ ಲೆಕ್ಕದಲ್ಲಿ ಅದು ಸರಿ.

ನಿಮ್ಮ ಜಾಡಿಯ ಹುಳು ಜಿಗಣೆಯಲ್ಲ. ಅರ್ಧಚಂದ್ರದ ತಲೆ ಎಂದಾಗಲೇ ಹೆಚ್ಚುಕಡಿಮೆ ಗೊತ್ತಾಯಿತು, ಅದು ನೆಲದ ಮೇಲೆ ಬದುಕುವ ಚಪ್ಪಟೆ ಹುಳು, ಸುತ್ತಿಗೆತಲೆ ಹುಳು ಎನ್ನುವ ಗುಂಪಿನದು. ಖಚಿತಪಡಿಸಿಕೊಳ್ಳಲು ಅದನ್ನು ಗಾಜಿನ ಮೇಲೆ ಹರಿಯಬಿಟ್ಟು ಕೆಳಗಿನಿಂದ ನೋಡಿ: ಉಂಗುರವಿಲ್ಲ, ಹೀರುಬಟ್ಟಲಿಲ್ಲ, ಮಡಚಿಕೊಳ್ಳದೆ ಜಾರಿದಂತೆ ಸಾಗುತ್ತದೆ, ಬಾಯಿ ತಲೆಯಲ್ಲಿರದೆ ಹೊಟ್ಟೆಯ ನಡುಮಧ್ಯದಲ್ಲಿ ಇರುತ್ತದೆ. ಗುದ ಇಲ್ಲ. ಈ ಗುಂಪಿನ ಹಲವು ಎರೆಹುಳು ಹಿಡಿದು ತಿನ್ನುತ್ತವೆ. ಕೆಲವು ಪ್ರಭೇದಗಳಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ನರವಿಷ ಇರುವುದು 2014ರಲ್ಲಿ ಗೊತ್ತಾಗಿದೆ, ಆದ್ದರಿಂದ ಕಡ್ಡಿಯಿಂದ ಎತ್ತಿ, ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಲಿ. ಒಳಗೇನಿದೆ ನೋಡೋಣ ಎಂದು ಕತ್ತರಿಸಲು ಹೋಗಬೇಡಿ, ತುಂಡುಗಳು ಒಂದೊಂದೂ ಪೂರ್ತಿ ಹುಳುವಾಗಿ ಬೆಳೆಯಬಲ್ಲವು. ಮಾದರಿಯಾಗಿ ಇಟ್ಟುಕೊಳ್ಳುವುದಾದರೆ ನೇರ ಸ್ಪಿರಿಟ್ಟಿಗೆ ಹಾಕಿದರೆ ಮುದುಡಿ ಆಕಾರ ಕೆಡುತ್ತದೆ. ಚಾಚಿಕೊಂಡಿರುವಾಗ ಮೇಲೆ ಬಿಸಿನೀರು ಸುರಿದು, ಆಮೇಲೆ 70 ಶೇಕಡಾ ಆಲ್ಕೋಹಾಲ್‌ಗೆ ಹಾಕಿ, ಸಿಕ್ಕ ಜಾಗ ಮತ್ತು ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಜಾಡಿಯ ಒಳಗೇ ಇಡಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.